ಮಾವನವರು ತಂದ ವಿಟಮಿನ್ ಡಬ್ಬಿ

ಟೀವಿಯಲ್ಲಿ ನೀವೂ ನೋಡಿರ್ತೀರಿ. ತಲೆ ಪೂರ್ತಿ ನೆರೆತ ಅಜ್ಜ ಮೊಮ್ಮಗನ ಜೊತೆ ಓಟಕ್ಕೆ ನಿಲ್ತಾರೆ, ಅಜ್ಜಿ ಸರಸರನೆ ಮೆಟ್ಟಿಲು ಹತ್ತುತ್ತಾರೆ. ಗುಟ್ಟೇನು? ದಿನಕ್ಕೊಂದು ಮಾತ್ರೆ! ಗಮನಿಸಿ, ಇಲ್ಲಿ ಬರುವವರು ಹಾಸಿಗೆ ಹಿಡಿದವರಲ್ಲ. ದಿನಾ ವಾಕಿಂಗ್ ಹೋಗುವ, ಕೈಯಲ್ಲಿ ನಾಲ್ಕು ಕಾಸಿರುವ ಗಟ್ಟಿಮುಟ್ಟಾದ ಹಿರಿಯರು. 'ಮುಂದೂ ಹೀಗೇ ಇರ್ತೀನಾ?' ಅನ್ನೋ ಅವರ ಅಳುಕೇ ಕಂಪನಿಗಳ ಬಂಡವಾಳ.

ಹಾಗಂತ ವಿಟಮಿನ್ ಮಾತ್ರೆಯೇ ಬೇಡ ಅಂತಲ್ಲ. ವಯಸ್ಸಾದಂತೆ ಆಹಾರದಲ್ಲಿನ ಬಿ12 ಹೀರಿಕೊಳ್ಳುವ ಶಕ್ತಿ ಕುಗ್ಗುತ್ತದೆ. ಸಸ್ಯಾಹಾರಿಗಳಿಗೆ, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತಗೊಳ್ಳುವವರಿಗೆ ಇದರ ಕೊರತೆ ಕಾಡಬಹುದು. ಬಿಸಿಲು ಕಾಣದವರಿಗೆ 'ಡಿ' ಕಡಿಮೆಯಾಗಬಹುದು. ಆದರೆ ಕೊರತೆ ಇದೆಯೋ ಇಲ್ಲವೋ ಅಂತ ಹೇಳಬೇಕಾದ್ದು ವೈದ್ಯರು, ಸಿನಿಮಾ ನಟರಲ್ಲ.

ಯಾವಾಗ ಎಚ್ಚರ ಬೇಕು?

* ಥೈರಾಯ್ಡ್ ಮಾತ್ರೆ ಜೊತೆಗೇ ಕ್ಯಾಲ್ಸಿಯಂ, ಕಬ್ಬಿಣಾಂಶದ ಮಾತ್ರೆ ನುಂಗಿದರೆ ಥೈರಾಯ್ಡ್ ಔಷಧ ಸರಿಯಾಗಿ ಮೈಗೆ ಹತ್ತುವುದಿಲ್ಲ. ನಾಲ್ಕು ಗಂಟೆಯಾದರೂ ಅಂತರವಿರಲಿ.

* ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತಗೊಳ್ಳುವವರಿಗೆ 'ಕೆ' ವಿಟಮಿನ್ ಇರುವ ಮಾತ್ರೆ ಔಷಧದ ಪರಿಣಾಮವನ್ನೇ ತಗ್ಗಿಸಬಹುದು.

* 'ಎ', 'ಡಿ' ಹೆಚ್ಚಾದರೆ ಮೂತ್ರದಲ್ಲಿ ಹೋಗದೆ ಮೈಯಲ್ಲೇ ಶೇಖರವಾಗುತ್ತವೆ. 'ಡಿ' ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡಕ್ಕೆ ತೊಂದರೆ. ಡಾಕ್ಟರು ಬರೆದ ಮಾತ್ರೆ, ತಾವೇ ತಂದ ಡಬ್ಬಿ ಎರಡರಲ್ಲೂ ಅದೇ ವಿಟಮಿನ್ ಇದೆಯಾ ನೋಡಿ.

ಡಬ್ಬಿ ಮೇಲಿನ ಸಣ್ಣಕ್ಷರ ಓದಲು ಕನ್ನಡಕ ಹಾಕಿಕೊಳ್ಳಿ. ಆಹಾರ ಸುರಕ್ಷತಾ ಪ್ರಾಧಿಕಾರದ 2016ರ ನಿಯಮದ ಪ್ರಕಾರ, ಹೆಲ್ತ್ ಸಪ್ಲಿಮೆಂಟ್‌ಗಳ ಮೇಲೆ 'ಔಷಧವಾಗಿ ಬಳಸುವುದಕ್ಕಲ್ಲ' ಎಂಬರ್ಥದ ಮಾತು ಇರಲೇಬೇಕು. ಅಂಥದ್ದನ್ನೇ 'ಮಂಡಿನೋವು ಮಾಯ' ಅಂತ ಮಾರುತ್ತಿದ್ದರೆ ನಂಬಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದಾರಿ ತಪ್ಪಿಸುವ ಜಾಹೀರಾತಿಗೆ ತಯಾರಕರಿಗೂ, ಅದರಲ್ಲಿ ಕಾಣಿಸಿಕೊಳ್ಳುವ ತಾರೆಯರಿಗೂ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ದೂರು ಕೊಡಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಅಡುಗೆಮನೆ ಕಡೆಗೂ ಒಮ್ಮೆ ನೋಡಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಮುದ್ದೆ, ಸೊಪ್ಪಿನ ಸಾರು, ಒಂದು ಲೋಟ ಮಜ್ಜಿಗೆ ಯಾವ ಡಬ್ಬಿಗೇನು ಕಡಿಮೆ?

ಇನ್ನೊಂದು ಮಾತು. ಮಾವನವರು ಆಸೆಯಿಂದ ತಂದದ್ದನ್ನು 'ದುಡ್ಡು ದಂಡ' ಅಂತ ಮೂದಲಿಸಬೇಡಿ. ಯಾರಿಗೂ ಹೊರೆಯಾಗಬಾರದು ಅಂತಲೇ ಅವರು ಕೊಂಡಿರುತ್ತಾರೆ. ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ದಿನನಿತ್ಯದ ಮಾತ್ರೆಗಳ ಜೊತೆ ಆ ಡಬ್ಬಿಯನ್ನೂ ಚೀಲಕ್ಕೆ ಹಾಕಿಕೊಳ್ಳಿ. ಬೇಕೋ ಬೇಡವೋ ಅಂತ ಅವರ ಎದುರಿಗೇ ಕೇಳಿ.