ಅನಧಿಕೃತ ಅನುವಾದದ ನ್ಯಾಯಾನ್ಯಾಯ

2011ರಲ್ಲಿ ಡಿಸ್ಕವರಿ ವಾಹಿನಿಯು ತಮಿಳಿನಲ್ಲಿ ಬಂದಾಗ, ತಮಿಳು ಬಲ್ಲವರು ಹೇರಳವಾಗಿರುವ ಆಂಡರ್ಸನ್‌ಪೇಟೆಯಂತಹ ಊರಿಗೆ ವಿದೇಶೀ ಕಾರ್ಯಕ್ರಮಗಳು ಸುಲಭವಾಗಿ ಎಟುಕಿದವು. ಕನ್ನಡವೊಂದನ್ನೇ ಬಲ್ಲ ನೆರೆಯವನಿಗೆ ಆ ಸೌಕರ್ಯವಿರಲಿಲ್ಲ. ಇದಕ್ಕೆ ಕಾರಣ ಶಾಸನವಲ್ಲ. 1960ರ ದಶಕದಿಂದ ಚಿತ್ರೋದ್ಯಮವು ಪಾಲಿಸಿಕೊಂಡು ಬಂದ ಡಬ್ಬಿಂಗ್ ವಿರೋಧದ ಕಟ್ಟುಪಾಡು. ಕಲಾವಿದರ ಜೀವನೋಪಾಯವನ್ನು ಕಾಯುವ ಅದರ ಉದ್ದೇಶ ಅಲ್ಪವಾದುದೇನೂ ಅಲ್ಲ. ಆದರೂ 2012ರಲ್ಲಿ ‘ಸತ್ಯಮೇವ ಜಯತೇ’ ಕೂಡ ಕನ್ನಡ ಧ್ವನಿಯಲ್ಲಿ ಪ್ರಸಾರವಾಗಲಿಲ್ಲ. ಇಂಥ ತಡೆ ಕಾನೂನಿಗೆ ವಿರುದ್ಧವೆಂದು ಭಾರತೀಯ ಸ್ಪರ್ಧಾ ಆಯೋಗವು 2015ರಲ್ಲಿ ತೀರ್ಪಿತ್ತಿತು.

ಹೀಗೆ ಅಧಿಕೃತ ಮಾರ್ಗ ಮುಚ್ಚಿರುವಲ್ಲಿ ಅಭಿಮಾನಿಗಳು ತಾವೇ ಉಪಶೀರ್ಷಿಕೆ ಬರೆದು ಹಂಚಿದರೆ ಅದು ಅಪರಾಧವೆ? 1957ರ ಕೃತಿಸ್ವಾಮ್ಯ ಅಧಿನಿಯಮವು ಭಾಷಾಂತರದ ಹಕ್ಕನ್ನು ಕೃತಿಯ ಹಕ್ಕುದಾರನಿಗೇ ಕೊಟ್ಟಿದೆ. ಶಾಸನದೃಷ್ಟಿಯಿಂದ ಅದು ಸಾಧುವಲ್ಲ. ಆದರೆ ಕನ್ನಡವೇ ದೊರೆಯದಿದ್ದಾಗ ಹಣ ಪಡೆಯದೆ ಮಾಡಿದ ಅನುವಾದವನ್ನೂ, ದೊರೆತ ಬಳಿಕ ಲಾಭಕ್ಕಾಗಿ ಮಾರಿದುದನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.