ತೂಕ ಕಟ್ಟಿ ಮಲಗಿಸುವುದು ಅಗ್ಗವಲ್ಲ

ಕಬ್ಬು ನುರಿಸುವ ಹಂಗಾಮು ಶುರುವಾದರೆ ಬೆಳಗಾವಿ ಜಿಲ್ಲೆಯ ಘೋಡಗೇರಿ ಸುತ್ತಲಿನ ರಸ್ತೆಗಳಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್‌ಗಳದೇ ಸಾಲು. ಹಿಂಬದಿಗೆ ದೀಪವಾಗಲಿ ಹೊಳೆಯುವ ಪಟ್ಟಿಯಾಗಲಿ ಇಲ್ಲದ ಟ್ರೇಲರ್ ಕತ್ತಲಲ್ಲಿ ನಿಂತಿದ್ದರೆ ಬೈಕಿನವನಿಗೆ ಕಾಣುವುದು ತೀರ ಹತ್ತಿರ ಬಂದಾಗಲೇ. ಗುದ್ದಿದರೆ, ದೇಹದ ಅತಿ ಉದ್ದದ, ಅತಿ ಗಟ್ಟಿಯಾದ ತೊಡೆಯ ಎಲುಬನ್ನೂ ಮುರಿಯಬಲ್ಲ ಪೆಟ್ಟು ಅದು. ಹೊರಗೆ ಗಾಯವೇ ಕಾಣದಿದ್ದರೂ ತೊಡೆಯೊಳಗೆ ಒಂದರಿಂದ ಒಂದೂವರೆ ಲೀಟರ್ ರಕ್ತ ಸೋರಬಹುದು. ಆದ್ದರಿಂದ ತಿಕ್ಕುವುದು, ಎಳೆಯುವುದು, ಕೂರಿಸಿಕೊಂಡು ಹೋಗುವುದು ಯಾವುದೂ ಬೇಡ. ಮುರಿದ ಕಾಲನ್ನು ಇನ್ನೊಂದು ಕಾಲಿಗೆ ಸೇರಿಸಿ ಕಟ್ಟಿ, ಅಲುಗದಂತೆ ಮಲಗಿಸಿ, 108ಕ್ಕೆ ಕರೆ ಮಾಡಬೇಕು.

ಕಾಲು ಅಲುಗದಂತೆ ಇಡುವುದರಿಂದಲೇ ಎಷ್ಟು ಜೀವ ಉಳಿದೀತು ಎಂಬುದು ಮೊದಲ ಮಹಾಯುದ್ಧದಲ್ಲಿ ಗೊತ್ತಾಯಿತು. ಗುಂಡೇಟಿಗೆ ತೊಡೆ ಮುರಿದ ಸೈನಿಕರಲ್ಲಿ ಶೇ 80ರಷ್ಟು ಮಂದಿ ಸಾಯುತ್ತಿದ್ದರು. ಥಾಮಸ್ ಸ್ಪ್ಲಿಂಟ್ ಎಂಬ ಕಬ್ಬಿಣದ ಸಲಾಕೆಯ ಚೌಕಟ್ಟು ಬಳಕೆಗೆ ಬಂದ ಮೇಲೆ ಅದು ಶೇ 20ರ ಆಸುಪಾಸಿಗೆ ಇಳಿಯಿತೆಂದು ಆ ಕಾಲದ ವೈದ್ಯರು ಬರೆದಿಟ್ಟಿದ್ದಾರೆ. ಆ ಚೌಕಟ್ಟನ್ನು ರೂಪಿಸಿದ ಲಿವರ್‌ಪೂಲ್‌ನ ಹ್ಯೂ ಓವನ್ ಥಾಮಸ್ ಹುಟ್ಟಿದ್ದು ಎಲುಬು ಕಟ್ಟುವ ನಾಟಿ ವೈದ್ಯರ ಮನೆತನದಲ್ಲಿ. ಅಪ್ಪ ಮಗನನ್ನು ವೈದ್ಯಕೀಯ ಓದಲು ಕಳಿಸಿದ. ಮನೆಯ ಕೈಗುಣಕ್ಕೆ ಓದು ಸೇರಿತು.

ಇದನ್ನು ಹೇಳಲು ಕಾರಣವಿದೆ. ನಮ್ಮ ಕಡೆಯೂ ಎಲುಬು ಮುರಿದರೆ ಮೊದಲು ನೆನಪಾಗುವವರು ನಾಟಿ ವೈದ್ಯರೇ. ಅವರನ್ನು ಹೀಗಳೆದರೆ ರೋಗಿ ಆಸ್ಪತ್ರೆಗೆ ಬೇಗ ಬರುವುದಿಲ್ಲ. ಆದರೆ ತೊಡೆಯ ಮಾತೇ ಬೇರೆ. ಅಲ್ಲಿನ ದಪ್ಪ ಸ್ನಾಯುಗಳು ಮುರಿದ ತುದಿಗಳನ್ನು ಒಂದರ ಮೇಲೊಂದು ಏರುವಂತೆ ಎಳೆಯುತ್ತವೆ. ಬಿದಿರಿನ ದಬ್ಬೆಗೆ ಅದನ್ನು ತಡೆಯುವ ಬಲವಿಲ್ಲ. ಬಿಗಿಯಾಗಿ ಕಟ್ಟಿದರೆ ರಕ್ತ ಹರಿಯುವುದು ನಿಂತು ಕಾಲೇ ಕೊಳೆಯಬಹುದು. ತೊಡೆಯ ಪೆಟ್ಟನ್ನು ಮುಟ್ಟದೆ ಆಸ್ಪತ್ರೆಗೆ ಕಳಿಸುವಂತೆ ಈ ವೈದ್ಯರ ಮನವೊಲಿಸಿದರೆ ಅನೇಕ ಕಾಲುಗಳು ಉಳಿದಾವು.

ಆಸ್ಪತ್ರೆ ಸೇರಿದರೂ ಬಡ ದೇಶಗಳಲ್ಲಿ ಸಿಗುವುದು ಬಹುಪಾಲು ‘ತೂಕ ಕಟ್ಟುವ’ ಚಿಕಿತ್ಸೆಯೇ. ಮೊಣಕಾಲಿನ ಕೆಳಗೆ ಸರಳು ತೂರಿಸಿ, ಹಗ್ಗಕ್ಕೆ ತೂಕ ಇಳಿಬಿಟ್ಟು, ಆರು ವಾರದಿಂದ ಮೂರು ತಿಂಗಳವರೆಗೆ ಮಲಗಿಸುತ್ತಾರೆ. ಬೆನ್ನಿಗೆ ಹಾಸಿಗೆ ಹುಣ್ಣು, ಬಿಗಿದುಹೋದ ಮೊಣಕಾಲು, ಗಿಡ್ಡವಾಗಿ ಕೂಡಿದ ಕಾಲು, ಇವೆಲ್ಲ ಅದರ ಜೊತೆಗೇ ಬರುತ್ತವೆ. ದುಡಿಯುವವನೊಬ್ಬ ಮಲಗಿದರೆ ನೋಡಿಕೊಳ್ಳಲು ಇನ್ನೊಬ್ಬರ ದುಡಿಮೆಯೂ ನಿಲ್ಲುತ್ತದೆ.

ಎಲುಬಿನ ಟೊಳ್ಳಿನೊಳಗೆ ರಾಡ್ ಹಾಕುವ ಚಿಕಿತ್ಸೆಯನ್ನು ಜರ್ಮನಿಯ ಗೆರ್ಹಾರ್ಡ್ ಕುಂಟ್ಶರ್ 1939ರಲ್ಲೇ ಮಾಡಿದ್ದ. ರಾಡ್ ಹಾಕಿದವನು ಕೆಲವೇ ದಿನಗಳಲ್ಲಿ ಊರುಗೋಲು ಹಿಡಿದು ಏಳುತ್ತಾನೆ. ಈಗಿನ ರಾಡ್‌ಗಳಿಗೆ ಅಡ್ಡ ಸ್ಕ್ರೂ ಕೂರಿಸಲು ಸಿ-ಆರ್ಮ್ ಎಂಬ ದುಬಾರಿ ಎಕ್ಸ್‌-ರೇ ಯಂತ್ರ ಬೇಕು, ನಿಲ್ಲದ ಕರೆಂಟೂ ಬೇಕು. ಅಮೆರಿಕದ ಶಸ್ತ್ರವೈದ್ಯ ಲೂಯಿಸ್ ಜರ್ಕಲ್ 1999ರಲ್ಲಿ ಕಟ್ಟಿದ ‘ಸೈನ್’ ಸಂಸ್ಥೆ ಆ ಯಂತ್ರವಿಲ್ಲದೆಯೂ ಕೂರಿಸಬಹುದಾದ ರಾಡ್ ರೂಪಿಸಿ ಬಡ ದೇಶಗಳ ಆಸ್ಪತ್ರೆಗಳಿಗೆ ಉಚಿತವಾಗಿ ಕೊಡುತ್ತಿದೆ. ಕಾಂಬೋಡಿಯಾದಲ್ಲಿ ಎರಡೂ ಚಿಕಿತ್ಸೆಗಳ ಲೆಕ್ಕ ಹಾಕಿದ ಅಧ್ಯಯನವೊಂದು 2009ರಲ್ಲಿ ಪ್ರಕಟವಾಯಿತು: ತೂಕ ಕಟ್ಟಿದ ರೋಗಿಗೆ ಸರಾಸರಿ 1,107 ಡಾಲರ್, ರಾಡ್ ಹಾಕಿದವನಿಗೆ 888. ಬಡವರಿಗೆ ಇಷ್ಟೇ ಸಾಕು ಎಂದುಕೊಂಡ ಚಿಕಿತ್ಸೆಯೇ ಹೆಚ್ಚು ದುಬಾರಿಯಾಗಿತ್ತು.

ನಮ್ಮಲ್ಲಿ ರಾಡ್‌ಗೆ ಬರವಿಲ್ಲ, ದೇಶದಲ್ಲೇ ತಯಾರಾಗುತ್ತದೆ. ಘಟಪ್ರಭಾದಲ್ಲಿ ಸಹಕಾರಿ ತತ್ವದ ಮೇಲೆ ನಿಂತ ಜೆ.ಜಿ. ಸಹಕಾರಿ ಆಸ್ಪತ್ರೆ ಇದೆ. ಬೆಳಗಾವಿಯಲ್ಲಿ ಬಿಮ್ಸ್, ಕೆಎಲ್‌ಇ ಆಸ್ಪತ್ರೆಗಳಿವೆ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಡಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವು ಸಿಗುತ್ತದೆ, ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ ಯೋಜನೆ ಇದೆ. ರಸ್ತೆ ಅಪಘಾತಕ್ಕೆ ಏಳು ದಿನದವರೆಗೆ 1.5 ಲಕ್ಷ ರೂಪಾಯಿಯ ನಗದುರಹಿತ ಚಿಕಿತ್ಸೆಯ ಯೋಜನೆಯನ್ನು ಕೇಂದ್ರ 2025ರ ಮೇ ತಿಂಗಳಲ್ಲಿ ಜಾರಿಗೆ ತಂದಿತು. ಇಷ್ಟೆಲ್ಲ ಇದ್ದೂ ಯಾವ ಕಾರ್ಡ್ ಎಲ್ಲಿ ನಡೆಯುತ್ತದೆ ಎಂದು ಕೇಳುತ್ತ ಒಂದು ರಾತ್ರಿ ಕಳೆದರೆ ನಷ್ಟ ಆ ಕಾಲಿಗೇ.

ಎಲುಬು ಹೊರಬಂದ ಗಾಯಕ್ಕೆ ಚಿಕಿತ್ಸೆ, ಸಿಸೇರಿಯನ್, ಹೊಟ್ಟೆಯ ಶಸ್ತ್ರಕ್ರಿಯೆ: ಈ ಮೂರೂ ಎರಡು ಗಂಟೆಯ ದಾರಿಯೊಳಗೆ ಸಿಗಬೇಕೆಂದು ಲ್ಯಾನ್ಸೆಟ್ ಆಯೋಗ 2015ರಲ್ಲಿ ಹೇಳಿತು. ಹುಕ್ಕೇರಿ, ಗೋಕಾಕದ ಸರ್ಕಾರಿ ಆಸ್ಪತ್ರೆಗಳನ್ನು ಈ ಅಳತೆಯಿಂದಲೇ ನೋಡಬೇಕು. ರಾತ್ರಿ ಎಲುಬಿನ ಡಾಕ್ಟರ್ ಇದ್ದಾರೆಯೇ, ಅರಿವಳಿಕೆ ಕೊಡುವವರು ಇದ್ದಾರೆಯೇ, ರಕ್ತ ಇದೆಯೇ ಎಂದು ಜನಪ್ರತಿನಿಧಿಗಳನ್ನು ಕೇಳುವ ಹಕ್ಕು ನಮಗಿದೆ.

ರಾಡ್ ಹಾಕಿ ಮನೆಗೆ ಕಳಿಸಿದಲ್ಲಿಗೆ ಕೆಲಸ ಮುಗಿಯುವುದಿಲ್ಲ. ನೆಲದ ಮೇಲೆ ಕೂತು ಉಣ್ಣುವವನಿಗೆ, ಹೊಲದಲ್ಲಿ ಕುಕ್ಕರಗಾಲಲ್ಲಿ ಕೂತು ಕಳೆ ಕೀಳುವವನಿಗೆ ಮೊಣಕಾಲು ಪೂರ್ತಿ ಮಡಚಲೇಬೇಕು. ಅದಕ್ಕೆ ವಾರಗಟ್ಟಲೆ ವ್ಯಾಯಾಮ ಬೇಕು. ಬಸ್ಸಿನ ಖರ್ಚು ಮಾಡಿಕೊಂಡು ಬೆಳಗಾವಿಗೆ ಅಲೆಯುವ ಬದಲು ಊರಿನ ಹತ್ತಿರದ ಆರೋಗ್ಯ ಕೇಂದ್ರದಲ್ಲೇ ಅದನ್ನು ಹೇಳಿಕೊಡುವವರಿದ್ದರೆ ಅವನು ಮುಂದಿನ ಬಿತ್ತನೆಗೆ ಹೊಲಕ್ಕಿಳಿದಾನು.