ಖಡ್ಗದ ಜೀರ್ಣೋದ್ಧಾರ

ಹಳೆಯ ತಲವಾರೊಂದು ಕೈಸೇರಿದೊಡನೆ ಅದನ್ನು ಉಪ್ಪುಕಾಗದದಿಂದ ಉಜ್ಜಿ ಹೊಳೆಯಿಸಬೇಕೆಂಬ ಆತುರವು, ಎಷ್ಟೇ ಸದ್ಭಾವದಿಂದ ಹುಟ್ಟಿದ್ದರೂ, ಆ ಅಲಗನ್ನು ರೂಪಿಸಿದವನ ಕೈಚಳಕದ ಸಾಕ್ಷ್ಯವನ್ನು ಅಲ್ಪಕಾಲದಲ್ಲೇ ಅಳಿಸಿಬಿಡಬಲ್ಲುದು.

ಆ ಸಾಕ್ಷ್ಯವಾವುದೆಂಬುದನ್ನು ಅರಿಯಬೇಕಾದರೆ ಉಕ್ಕಿನ ಹುಟ್ಟನ್ನೇ ನೋಡಬೇಕು. 1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ವರ್ಣಿಸಿರುವಂತೆ, ಕಬ್ಬಿಣದ ತುಂಡನ್ನು ತಂಗಡಿಯ ಕಡ್ಡಿ ಹಾಗೂ ಹಸಿರೆಲೆಗಳೊಡನೆ ಮಣ್ಣಿನ ಮೂಸೆಯಲ್ಲಿಟ್ಟು ಕಾಯಿಸುತ್ತಿದ್ದರು. ಕಡ್ಡಿ ಎಲೆಗಳ ಇಂಗಾಲವನ್ನು ಹೀರಿಕೊಂಡ ಲೋಹವು ನೂರಕ್ಕೆ ಸುಮಾರು 1.5 ಪಾಲು ಇಂಗಾಲವುಳ್ಳ ಉಕ್ಕಾಗುತ್ತಿದ್ದಿತು. ಇಂಥ ಉಕ್ಕನ್ನು ಮಿತವಾದ ಶಾಖದಲ್ಲಿ ಮತ್ತೆ ಮತ್ತೆ ಬಡಿದಾಗ ಸಿಮೆಂಟೈಟ್ ಎಂಬ ಗಡಸಾದ ಕಣಗಳು ಪಟ್ಟಿಪಟ್ಟಿಯಾಗಿ ನೆರೆಯುವುವು. ಅನ್ನಭೇದಿಯ ದ್ರಾವಣ ಸವರಿದಾಗ ಅವು ಬೆಳ್ಳಗೆ ಉಳಿದು, ಸುತ್ತಣ ಲೋಹವು ಕಪ್ಪಾಗಿ, ಅಲಗಿನ ಮೇಲೆ ನೀರಲೆಯಂತಹ ವಿನ್ಯಾಸವು ಮೂಡುವುದು. ಸಾಣೆಯು ಈ ಹೊರಪದರವನ್ನು ಸವೆಸುತ್ತದೆ. ಮರಳಿ ಆ ದ್ರಾವಣ ಸವರಿದರೆ ವಿನ್ಯಾಸವು ಮತ್ತೆ ಕಂಡೀತು, ಆದರೆ ಅದು ನಮ್ಮ ಕೆಲಸವಾಗುವುದೇ ಹೊರತು ಪೂರ್ವಿಕನದಲ್ಲ. ಅತಿಶಾಖ ತಗುಲಿತೋ, ಕಣಗಳೇ ಕರಗಿ ವಿನ್ಯಾಸವು ಸಮೂಲವಾಗಿ ನಾಶವಾದೀತು.

ತುಕ್ಕಿನಲ್ಲಿಯೂ ಭೇದವುಂಟು. ಗಟ್ಟಿಯಾಗಿ ಅಂಟಿರುವ ಕಪ್ಪು ಪದರವು ಬಹುಮಟ್ಟಿಗೆ ಲೋಹಕ್ಕೆ ಕವಚವಾಗಿರುವುದರಿಂದ ಅದನ್ನು ಕೀಳಬಾರದು. ಪುಡಿಯಾಗಿ ಉದುರುವ ಕೆಂದುಕ್ಕೇ ಶತ್ರು. ಬೆವರಿನ ಲವಣಾಂಶವು ಅದರಡಿಯಲ್ಲಿ ತೇವವನ್ನು ಸೆಳೆದು ಲೋಹವನ್ನು ತಿನ್ನುತ್ತಿರುತ್ತದೆ. ಭೂತಗನ್ನಡಿಯಡಿಯಲ್ಲಿ, ಎಣ್ಣೆ ಹಚ್ಚಿ ಮೆತ್ತಗಾಗಿಸಿದ ಕೆಂದುಕ್ಕನ್ನು ಚೂಪಾದ ಬಿದಿರಕಡ್ಡಿಯಿಂದ ಮೆಲ್ಲನೆ ಕೆರೆದು ತೆಗೆದು, ಎಣ್ಣೆಯನ್ನು ಒರಸಿ, ಒಣಗಿಸಿ, ಬೇಕೆಂದಾಗ ತೆಗೆಯಬಹುದಾದ ಮೇಣವನ್ನು ತೆಳುವಾಗಿ ಲೇಪಿಸುವುದು ವಿಹಿತ. ಆಯುಧಪೂಜೆಗೆಂದು ಹುಣಿಸೆಹಣ್ಣಿನಿಂದ ಖಡ್ಗವನ್ನು ತೊಳೆಯುವವರನ್ನು ಕಂಡರೆ ನನಗೆ ನಿಜವಾಗಿಯೂ ವ್ಯಥೆಯಾಗುತ್ತದೆ. ಹಿತ್ತಾಳೆಗೆ ಹಿತವಾದ ಆ ಹುಳಿಯು ಉಕ್ಕನ್ನು ಕೊರೆಯುತ್ತದೆ.

ಹಿಡಿಯ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಕೊಫ್ತ್‌ಗಾರಿ ಎಂಬ ಕುಸುರಿಯಲ್ಲಿ, ಗೀರುಗೀರಾಗಿ ಒರಟಾಗಿಸಿದ ಕಬ್ಬಿಣದ ಮೇಲೆ ಬಡಿದು ಕೂರಿಸಿದ ಚಿನ್ನವು ಅತಿ ತೆಳು. ಯಂತ್ರದ ಸಾಣೆ ತಾಕಿದರೆ ಅದು ಮಾಯವಾಗುವುದು. ಅಲಗಿನ ಬಾಲವನ್ನು ಹಿಡಿಯೊಳಗೆ ಬಂಧಿಸಿರುವುದು ಅರಗು ಸೇರಿದ ಅಂಟು. ಸಡಿಲವಾಗಿದ್ದರೆ ಹೊಸ ಅಂಟನ್ನು ಸ್ವಲ್ಪವೇ ಸೇರಿಸಿ, ಕೆಲಸಕ್ಕೆ ಮೊದಲು ತೆಗೆದ ಛಾಯಾಚಿತ್ರಗಳೊಡನೆ ಆ ದುರಸ್ತಿಯನ್ನೂ ಬರೆದಿಡಬೇಕು. ತೇವವನ್ನು ಹಿಡಿದಿಡುವ ಹಳೆಯ ಮರದ ಒರೆಯನ್ನು ಅಲಗಿನಿಂದ ಬೇರ್ಪಡಿಸಿ, ಎರಡನ್ನೂ ಒಣಗಿದ ತಾಣದಲ್ಲಿ ಒಟ್ಟಿಗೇ ಕಾಪಾಡುವುದು ಲೇಸು.